ಅಂಚಿಗೆ ನಿಲ್ಲುವ ಕೆಲಸ

"ಜಮೀನ್ನ ಅಡ್ಡಕ್ಕೆ ಸೀಳಿದ್ರೆ ಮೇಲಿನ ಬಂಡೆಯೆಲ್ಲ ನನಗೆ, ಕೆಳಗಿನ ಹುಲ್ಲೆಲ್ಲ ನಿನಗೆ. ಯಾರ ಕಿವಿ ಮೇಲೆ ಹೂ ಇಡ್ತಿದೀಯ ಎಫಿ?"

"ಉದ್ದಕ್ಕೆ ಸೀಳಿದ್ರೆ ಹುಲ್ಲುಗಾವಲು ಎರಡು ತುಂಡಾಗತ್ತೆ ಕಣೋ. ಹಕ್ಕಿ ಎಲ್ಲಿಗೆ ಹೋಗ್ಬೇಕು?"

"ಹಕ್ಕಿ ಹಕ್ಕಿ ಅಂತ ಸಾಯ್ತೀಯ. ಹಕ್ಕಿಗಿರೋ ಮರ್ಯಾದೆ ಒಡಹುಟ್ಟಿದವನಿಗಿಲ್ಲ ಈ ಮನೇಲಿ."

"ಮರ್ಯಾದೆ ಬೇಕಾದವನು ಅಪ್ಪ ಹಾಸಿಗೆ ಹಿಡಿದಾಗ ಊರಲ್ಲಿರಬೇಕಿತ್ತು. ನೀನು ಹಡಗಲ್ಲಿ ಕೂತು ಹೆರಿಂಗ್ ಮೀನು ಹಿಡೀತಿದ್ದೆ. ಅಪ್ಪನ ಮೂತ್ರದ ಬಟ್ಟೆ ಒಗೆದವಳು ನಾನು."

ಟಾರ್ಮೊಡ್ ಚಹಾದ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದ. ಚಹಾ ಚೆಲ್ಲಿ ಹಿಸ್ಸೆಯ ನಕ್ಷೆಯ ಮೇಲೆ ಹರಿಯಿತು. ಇಬ್ಬರೂ ಅದನ್ನು ನೋಡಿದರು, ಯಾರೂ ಒರೆಸಲಿಲ್ಲ.

ಎಫಿಗೆ ಐವತ್ತಾರು, ತಮ್ಮನಿಗೆ ಐವತ್ತಮೂರು. ಹನ್ನೊಂದು ಎಕರೆಯ ಹಿಡುವಳಿಯನ್ನು ಅಪ್ಪ ಎಫಿಯ ಹೆಸರಿಗೆ ಬರೆಸಿ ಸತ್ತಿದ್ದ. ಟಾರ್ಮೊಡ್ ಹಡಗು ಬಿಟ್ಟು ದ್ವೀಪಕ್ಕೆ ಮರಳಿ, ಮಾರ್ಸಲಿಯನ್ನು ಮದುವೆಯಾಗಿ ಅವಳ ಮನೆಯಲ್ಲಿದ್ದ. ಹದಿನಾರು ವರ್ಷ ಅಕ್ಕನ ನೆಲದಲ್ಲಿ ಟ್ರಾಕ್ಟರ್ ಓಡಿಸಿದ. ಈಗ ತನ್ನದೆನ್ನುವ ಅರ್ಧ ಬೇಕು ಅಂದ. ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಎಫಿಗೂ ಅದು ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅವಳ ಸಿಟ್ಟು ನೆತ್ತಿಗೇರಿತ್ತು.

"ಉದ್ದಕ್ಕೇ ಸೀಳ್ಕೊ ಹೋಗು," ಅಂದಳು. "ಆದರೆ ನಿನ್ನ ಅರ್ಧ ನಿನ್ನದು, ನನ್ನದು ನನ್ನದು. ನಿನ್ನ ಗಡಿ ಗೂಟ ದಾಟಿ ನಾನು ಬರಲ್ಲ, ನೀನೂ ಬರ್ಬೇಡ."

"ಬೇಡಿಕೊಂಡರೂ ಬರಲ್ಲ."

ಜಮೀನು ಕಚೇರಿಯವರು ಬಂದು ಅಳೆದು, ರಸ್ತೆಯಿಂದ ಕಡಲಿನವರೆಗೆ ಗೂಟ ಹೊಡೆದು ಹೋದರು. ಇಬ್ಬರಿಗೂ ಒಂದೇ ಬಗೆಯ ಷರತ್ತಿನ ಕಾಗದ ಬಂತು. ಹುಲ್ಲುಗಾವಲಿನಲ್ಲಿ ಮನೆ ಕಟ್ಟುವಂತಿಲ್ಲ. ಕಡಲ ಕಡೆಯ ಹಳದಿ ಹೂವಿನ ಐರಿಸ್ ಪೊದೆ ತೆಗೆಯುವಂತಿಲ್ಲ. ಆಗಸ್ಟ್ ಹತ್ತಕ್ಕೆ ಮೊದಲು ಹುಲ್ಲು ಕೊಯ್ಯುವಂತಿಲ್ಲ. ಕೊಯ್ಯುವಾಗ ನಡುವಿನಿಂದ ಶುರುಮಾಡಿ ಸುತ್ತುತ್ತ ಹೊರಕ್ಕೆ ಬರಬೇಕು. ಹಾಗಾದರೆ ಹುಲ್ಲಿನೊಳಗೆ ಗೂಡು ಕಟ್ಟುವ ಕ್ರೇಕ್ ಹಕ್ಕಿಗಳು ಅಂಚಿಗೆ ಸರಿದು ತಪ್ಪಿಸಿಕೊಳ್ಳುತ್ತವೆ.

ಕಾಗದ ಹೇಳಿಕೊಡುವಂಥದ್ದೇನೂ ಅದರಲ್ಲಿರಲಿಲ್ಲ. ಅಕ್ಕ ತಮ್ಮ ಹದಿನಾರು ಬೇಸಿಗೆ ಹಾಗೆಯೇ ಕೊಯ್ದವರು. ಟಾರ್ಮೊಡ್ ನಡುವಿನಿಂದ ಟ್ರಾಕ್ಟರ್ ಸುತ್ತಿಸುತ್ತಿದ್ದ, ಎಫಿ ಕೋಲು ಹಿಡಿದು ಅಂಚಿಗೆ ನಿಲ್ಲುತ್ತಿದ್ದಳು. ಕ್ರೇಕ್ ಹಕ್ಕಿ ಹಾರುವುದಕ್ಕಿಂತ ಓಡುವುದೇ ಹೆಚ್ಚು. ಬಯಲು ಕಂಡರೆ ಅದಕ್ಕೆ ಪ್ರಾಣಭಯ. ಬೋಳು ನೆಲ ದಾಟುವ ಬದಲು ನಿಂತ ಹುಲ್ಲಿನಲ್ಲೇ ಅವಿತು ಬ್ಲೇಡಿಗೆ ಸಿಗುತ್ತದೆ. ಕಡೆಯ ಪಟ್ಟಿ ಉಳಿದಾಗ ಎಫಿಯ ಕಣ್ಣು ಹುಲ್ಲಿನ ತುದಿಯ ಮೇಲೇ ಇರುತ್ತಿತ್ತು. ಗಾಳಿಗೆ ಎದುರಾಗಿ ಹುಲ್ಲು ಅಲುಗಿದರೆ ಕೈ ಎತ್ತುತ್ತಿದ್ದಳು. ಟಾರ್ಮೊಡ್ ನಿಲ್ಲಿಸುತ್ತಿದ್ದ. ಅವಳು ಕೋಲಿನಿಂದ ಹುಲ್ಲು ಸವರಿ, ಹಕ್ಕಿಯನ್ನು ಪೊದೆಯ ಕಡೆ ಓಡಿಸಿ, ಕೈ ಇಳಿಸುತ್ತಿದ್ದಳು. ಆ ಎರಡು ದಿನ ಅವರ ನಡುವೆ ಹತ್ತು ಮಾತೂ ಆಗುತ್ತಿರಲಿಲ್ಲ. ವರ್ಷವಿಡೀ ಆಡಿದ ಮಾತಿಗಿಂತ ಅದೇ ಹೆಚ್ಚಾಗಿತ್ತು.

ಆ ಚಳಿಗಾಲ ಟಾರ್ಮೊಡ್ ಒಂದು ದಿನವೂ ಅಡುಗೆಮನೆಗೆ ಬರಲಿಲ್ಲ. ಎಫಿ ಆರು ಹಸುಗಳಿಗೆ ಮೇವು ಹಾಕಿದಳು, ಒಬ್ಬಳಿಗೇ ಆಲೂಗಡ್ಡೆ ಬೇಯಿಸಿದಳು, ಯಾವಾಗಲೂ ಎರಡು ಹೆಚ್ಚಾಗಿ ಬೇಯಿಸಿ ನಾಯಿಗೆ ಹಾಕಿದಳು. ನಾಯಿ ಸತ್ತ ಮೇಲೂ ಎರಡು ಹೆಚ್ಚಾಗಿಯೇ ಬೇಯುತ್ತಿದ್ದವು.

ಮೇ ತಿಂಗಳ ಮೊದಲ ವಾರ ಐರಿಸ್ ಪೊದೆಯಿಂದ ಗಂಡು ಕ್ರೇಕ್ ಕೂಗಿತು. ಬಾಚಣಿಗೆಯ ಹಲ್ಲಿನ ಮೇಲೆ ಕಡ್ಡಿ ಎಳೆದಂಥ ದನಿ, ಕ್ರೆಕ್ ಕ್ರೆಕ್, ಸಂಜೆಯಿಂದ ಬಿಡದೆ. ಬೇರೆಯವರು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ. ಎಫಿ ಕಿಟಕಿ ತೆರೆದಳು. ಮನೆಯೊಳಗೆ ಇನ್ನೊಂದು ದನಿ ಬಂದು ಎಷ್ಟೋ ತಿಂಗಳಾಗಿತ್ತು.

ಹಕ್ಕಿ ಲೆಕ್ಕ ಮಾಡುವ ಗಿಲ್ಲೀಸ್ ಜುಲೈನಲ್ಲಿ ಬಂದ. ಗೂಟದ ಗೆರೆ ಐರಿಸ್ ಪೊದೆಯ ಹೊಟ್ಟೆಯ ಮೇಲೇ ಹೋಗಿದ್ದನ್ನು ಕಂಡು ತಲೆ ಕೆರೆದುಕೊಂಡ.

"ಊರಿಗೆಲ್ಲ ಇದೊಂದೇ ಸಂಸಾರ ಉಳಿದಿರೋದು. ಯಾರ ಹೆಸರಿಗೆ ಬರ್ಕೊಳ್ಳಿ? ತಲೆ ನಿಮ್ಮ ಕಡೆ ಇತ್ತು, ಬಾಲ ಅವರ ಕಡೆ."

"ಕೂಗೋದು ತಲೆ ತಾನೇ? ನನ್ನ ಹೆಸರಿಗೇ ಬರಿ."

ಗಿಲ್ಲೀಸ್ ನಕ್ಕ, ಆಮೇಲೆ ನಗು ಬಿಟ್ಟ. "ಹೆಣ್ಣು ಎರಡನೇ ಸಲ ಮರಿ ಮಾಡಿದೆ. ಇಬ್ಬರೂ ಒಂದೇ ದಿನ ಕೊಯ್ಯಿರಿ, ಗೂಟದ ಪಕ್ಕದ ಹುಲ್ಲು ಇಬ್ಬರೂ ಕಡೇಗಿಟ್ಟುಕೊಳ್ಳಿ. ಒಬ್ಬರದು ಬೋಳಾಗಿ ಇನ್ನೊಬ್ಬರದು ನಿಂತಿದ್ರೆ ಮರಿಗಳಿಗೆ ದಾರಿ ಇರಲ್ಲ. ಟಾರ್ಮೊಡ್ ಅವರಿಗೆ ನೀವೇ ಒಂದು ಮಾತು ಹೇಳಿ. ನಾನು ಈಗಲೇ ದೋಣಿ ಹಿಡೀಬೇಕು."

"ಹೇಳ್ತೀನಿ," ಅಂದಳು ಎಫಿ.

ಹೇಳಲಿಲ್ಲ. ಅವನ ಮನೆ ಅರ್ಧ ಮೈಲಿ. ಎರಡು ಸಲ ಗೇಟಿನವರೆಗೆ ಹೋದಳು. ಅವನೂ ಓದು ಬಲ್ಲವನು, ಅವನಿಗೂ ಕಣ್ಣಿದೆ, ಬೇಕಾದರೆ ಅವನೇ ಬರಲಿ ಅಂದುಕೊಂಡು ತಿರುಗಿ ಬಂದಳು.

ಆಗಸ್ಟ್ ಹದಿನಾಲ್ಕು, ಮಂಗಳವಾರ, ಟಾರ್ಮೊಡ್ ತನ್ನ ಅರ್ಧ ಕೊಯ್ದ. ನಡುವಿನಿಂದ ಶುರುಮಾಡಿ ಒಂದು ಸುತ್ತೂ ತಪ್ಪದೆ ಹೊರಕ್ಕೆ ಬಂದ. ಎಫಿ ಅಡುಗೆಮನೆಯ ಕಿಟಕಿಯಲ್ಲಿ ಪರದೆ ಹಿಡಿದು ನೋಡುತ್ತಿದ್ದಳು. ಕಪ್ಪು ಮರಿಗಳು ಗೂಟ ದಾಟಿ ತನ್ನ ಹುಲ್ಲಿಗೆ ನುಗ್ಗಿದ್ದು ಕಂಡು ಅವಳಿಗೆ ಒಳಗೊಳಗೇ ಖುಷಿಯಾಯಿತು. ಆಚೆ ಕಲ್ಲುಗೋಡೆಯ ಪಕ್ಕ ಅವನದು ಕಡೆಯ ಪಟ್ಟಿ ಉಳಿದಿತ್ತು. ಅಲ್ಲಿ ಹುಲ್ಲು ಗಾಳಿಗೆ ಎದುರಾಗಿ ಅಲುಗಿತು.

ಟ್ರಾಕ್ಟರ್ ನಿಧಾನವಾಯಿತು. ಟಾರ್ಮೊಡ್ ಕತ್ತು ಹೊರಳಿಸಿ ಅಂಚಿನ ಕಡೆ ನೋಡಿದ. ಅಂಚಿಗೆ ಯಾರೂ ಇರಲಿಲ್ಲ. ಆಮೇಲೆ ಮನೆಯ ಕಡೆ ನೋಡಿದ. ಕೋಲು ಬಾಗಿಲ ಹಿಂದೆಯೇ ಇತ್ತು. ನಿನ್ನ ಅರ್ಧ ನಿನ್ನದು ಅಂದವಳು ಎಫಿ. ಆ ಮಾತು ಅವಳ ಕಾಲಿಗೆ ಸರಪಳಿಯಾಯಿತು. ಪರದೆ ಬಿಟ್ಟು ಒಲೆಯ ಕಡೆ ತಿರುಗಿದಳು. ಟ್ರಾಕ್ಟರ್ ಮತ್ತೆ ಸದ್ದು ಮಾಡಿತು.

ಶನಿವಾರದಿಂದ ಮಳೆ ಅಂತ ರೇಡಿಯೋ ಹೇಳಿತು. ಹಸುಗಳಿಗೆ ಚಳಿಗಾಲದ ಮೇವು ಬೇಕೇ ಬೇಕು. ಶುಕ್ರವಾರ ಎಫಿ ಅಪ್ಪನ ಕಾಲದ ಟ್ರಾಕ್ಟರ್ ಏರಿ ತನ್ನ ಅರ್ಧದ ನಡುವಿನಿಂದ ಸುತ್ತತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಗೂಟದ ಪಕ್ಕ ಎರಡು ಮಾರು ಅಗಲದ ಪಟ್ಟಿ ಮಾತ್ರ ಉಳಿಯಿತು. ಅದರಾಚೆ ತಮ್ಮನ ಬೋಳು ನೆಲ, ಪೊದೆಯವರೆಗೂ ಬೋಳು. ಅಲ್ಲಿ ಬೂದು ಕಾಗೆಗಳು ಸಾಲಾಗಿ ಕೂತು ಕಾಯುತ್ತಿದ್ದವು. ಪಟ್ಟಿಯೊಳಗೆ ಮರಿಗಳು ಆ ತುದಿಯಿಂದ ಈ ತುದಿಗೆ ಓಡುತ್ತಿದ್ದವು. ಅಂಚಿಗೆ ನಿಲ್ಲುವವರು ಯಾರೂ ಇಲ್ಲ.

ಟ್ರಾಕ್ಟರ್ ಆರಿಸಿ, ಮನೆಗೆ ಹೋಗಿ ಕೋಲು ತಂದಳು. ಅರ್ಧ ಮೈಲಿ ನಡೆದಳು. ಟಾರ್ಮೊಡ್ ಅಂಗಳದಲ್ಲಿ ಏಡಿ ಹಿಡಿಯುವ ಬುಟ್ಟಿ ಹೆಣೆಯುತ್ತಿದ್ದ.

"ಮರಿಗಳು ಸಿಕ್ಕಿಹಾಕೊಂಡಿವೆ," ಅಂದಳು. "ಬಾ."

ಅವನು ಕೋಲು ನೋಡಿದ. ಬುಟ್ಟಿ ಕೆಳಗಿಟ್ಟು ಬಂದ. ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಎಫಿಗೆ ಹದಿನಾರು ಬೇಸಿಗೆ ಒಟ್ಟಿಗೆ ಮರಳಿದಂತಿತ್ತು.

ಟಾರ್ಮೊಡ್ ಚಪ್ಪಾಳೆ ತಟ್ಟಿ ಕಾಗೆಗಳನ್ನು ಎಬ್ಬಿಸಿದ. ಬಗ್ಗಿ ಹುಲ್ಲಿನೊಳಗೆ ನೋಡಿದ.

"ಎಷ್ಟಿವೆ?"

"ಐದು ಕಂಡೆ. ತಾಯಿ ಕಾಣ್ತಾ ಇಲ್ಲ. ಪೊದೇಲಿರಬೇಕು."

"ಪೊದೇಲಿಲ್ಲ." ಅವನು ನೆಟ್ಟಗೆ ನಿಂತ. "ಮಂಗಳವಾರ ಗೋಡೆ ಪಕ್ಕ ಬ್ಲೇಡಿಗೆ ಸಿಕ್ತು. ಅಲ್ಲೇ ಮಣ್ಣು ಮಾಡ್ದೆ."

"ನೀನು ಕರೀಬಹುದಿತ್ತಲ್ಲ."

"ಹದಿನಾರು ವರ್ಷದಲ್ಲಿ ನಾನು ಯಾವತ್ತು ಕರೆದಿದ್ದೆ? ಟ್ರಾಕ್ಟರ್ ಸದ್ದಿಗೆ ನೀನೇ ಬರ್ತಿದ್ದೆ."

"ನನಗೆ ಗೊತ್ತಾಗ್ಲಿಲ್ಲ ಕಣೋ."

"ಪರದೆ ಅಲುಗಿದ್ದು ನೋಡ್ದೆ ಎಫಿ."

ಎಫಿ ಹುಲ್ಲಿನ ಪಟ್ಟಿಯ ಕಡೆ ತಿರುಗಿದಳು. "ಈ ಪಟ್ಟಿ ಕೊಯ್ಯಲ್ಲ. ಹಾಗೇ ನಿಂತಿರ್ಲಿ. ಒಳಗೆ ಬಾ. ಓಟ್ಸ್ ರೊಟ್ಟಿ ಇದೆ, ಚಹಾ ಮಾಡ್ತೀನಿ."

"ತಾಯಿ ಇಲ್ಲದ ಮರಿಗೆ ಪಟ್ಟಿ ಎಷ್ಟು ದಿನ ನಿಂತಿದ್ರೆ ಏನು?"

ಅವನು ಅವಳ ಕೈಯಿಂದ ಕೋಲು ತೆಗೆದುಕೊಂಡ. ಅಂಚಿಗೆ ನಿಲ್ಲುತ್ತಾನೆ ಅಂದುಕೊಂಡಳು. ಅವನು ಅದನ್ನು ಪಟ್ಟಿಯ ಅಂಚಿನಲ್ಲಿ, ಅವಳ ಕಡೆಯ ಮಣ್ಣಿನಲ್ಲಿ, ನೆಟ್ಟಗೆ ಚುಚ್ಚಿದ. ಗೂಟ ದಾಟಿ ತನ್ನ ಬೋಳು ನೆಲದ ಮೇಲೆ ರಸ್ತೆಯ ಕಡೆ ನಡೆದ. ಹಾರಿಹೋದ ಕಾಗೆಗಳು ಅವನ ಹಿಂದೆಯೇ ಒಂದೊಂದಾಗಿ ಇಳಿದು ಕೂತವು.

ಎಫಿ ಚಪ್ಪಾಳೆ ತಟ್ಟುತ್ತ ಕತ್ತಲಾಗುವವರೆಗೆ ಅಂಚಿಗೇ ನಿಂತಿದ್ದಳು. ಟಾರ್ಮೊಡ್ ಆವತ್ತು ತಿರುಗಿ ಬರಲಿಲ್ಲ. ಮರುದಿನದ ಮಳೆಯಲ್ಲೂ ಬರಲಿಲ್ಲ. ಮುಂದೆ ಯಾವ ಬೇಸಿಗೆಯಲ್ಲೂ ಅವನು ಆ ಗೂಟ ದಾಟಲಿಲ್ಲ.