ಭೀಮರಾಜು ಕೊಟ್ಟ ರಕ್ತ

"ಆ ಈಟಿ ಬುಟ್ಟು ಈಚೆ ಬಾರ್ಲಾ, ಬೋಳಿಮಗನೆ. ಇನ್ನೊಂದು ಕಾಯಿ ಮುಟ್ಟಿದ್ರೆ ಕೈ ಕಡಿಸ್ತೀನಿ."

ಭೀಮರಾಜು ತಲೆಯೆತ್ತಿದ. ನೆಲಕ್ಕೆ ನೆಟ್ಟ ಕಬ್ಬಿಣದ ಈಟಿಗೆ ಆಗಷ್ಟೇ ಒಂದು ಒಣಗಾಯಿಯನ್ನು ಚುಚ್ಚಿ ತಿರುವಿದ್ದ. ಸಿಪ್ಪೆ ಅರ್ಧ ಬಿಟ್ಟುಕೊಂಡು ಜೋತಾಡುತ್ತಿತ್ತು. ಎದುರಿಗೆ ಕೊಬ್ಬರಿ ಮಂಡಿಯ ಯಜಮಾನ ದಯಾನಂದ್ ನಿಂತಿದ್ದ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮೂಗಿಗೆ ಅಡ್ಡ ಹಿಡಿದ ಕರ್ಚೀಫು. ಯಾವಾಗಲೂ ಹೆಗಲ ಮೇಲೆ ಬಂದು ನಿಂತು ಬೈಯುವವನು ಇವತ್ತು ಹತ್ತು ಮಾರು ದೂರದಲ್ಲೇ ನಿಂತಿದ್ದ.

ಏನು ತಪ್ಪಾಯಿತು ಎಂದು ಭೀಮರಾಜು ಕೇಳಿದ.

"ಏಡ್ಸು ಕಣ್ಲಾ ನಿಂಗೆ. ರಕ್ತದ ಬ್ಯಾಂಕ್ನೋರು ಫೋನ್ ಮಾಡವ್ರೆ."

ಅಂಗಳದಲ್ಲಿ ಒಂಬತ್ತು ಜನ ಗಂಡಸರು ಸಿಪ್ಪೆ ಸುಲಿಯುತ್ತಿದ್ದರು, ಆರು ಜನ ಹೆಂಗಸರು ಕರಟ ಒಡೆಯುತ್ತಿದ್ದರು. ಎಲ್ಲ ಸದ್ದೂ ಒಟ್ಟಿಗೆ ನಿಂತಿತು.

ಮೂರು ವಾರದ ಹಿಂದೆ ದಯಾನಂದನ ಅಪ್ಪ ರೇವಣಸಿದ್ದಯ್ಯನವರ ಪುಣ್ಯತಿಥಿಯ ದಿನ ಇದೇ ಅಂಗಳದಲ್ಲಿ ಶಾಮಿಯಾನ ಹಾಕಿ ರಕ್ತದಾನದ ಶಿಬಿರ ಮಾಡಿಸಿದ್ದರು. ರಕ್ತ ಕೊಡದವರು ಮಾರನೇ ದಿನ ಕೆಲಸಕ್ಕೆ ಬರಬೇಕಾಗಿಲ್ಲ ಎಂದು ಮಂಡಿಯ ಗುಮಾಸ್ತ ಶ್ರೀರಂಗಯ್ಯ ಮೊದಲೇ ಹೇಳಿದ್ದ. ಫಾರಂ ತುಂಬಿದವನೂ ಅವನೇ. ನಿಮ್ಮ ಫೋನು ಯಾವಾಗ ನೋಡಿದರೂ ಸ್ವಿಚ್ ಆಫು ಎಂದು, ಕಾಲೋನಿಯವರೆಲ್ಲರ ಹೆಸರಿನ ಮುಂದೆಯೂ ಮಂಡಿಯ ನಂಬರನ್ನೇ ಬರೆದಿದ್ದ. ಅವತ್ತು ಭೀಮರಾಜುವಿಗೆ ಹೆದರಿಕೆ ಏನೂ ಆಗಿರಲಿಲ್ಲ. ಸೂಜಿ ತೆಗೆದ ನರ್ಸಮ್ಮ, ನಿಮ್ಮಿಂದ ಒಂದು ಜೀವ ಉಳೀತದೆ ಎಂದಿದ್ದಳು. ಯಾರಾದರೂ ಅವನನ್ನು "ನೀವು" ಎಂದದ್ದು ಅದೇ ಮೊದಲಿರಬೇಕು. ಸಂಜೆ ಮನೆಗೆ ಹೋಗಿ ಹೆಂಡತಿ ಪವಿತ್ರಾಗೆ ಅದನ್ನು ಎರಡು ಸಲ ಹೇಳಿದ್ದ.

ಈಗ ಆ ರಕ್ತ ಒಯ್ದ ಬ್ಯಾಂಕಿನಿಂದ ಫೋನು ಬಂದಿತ್ತು. ಭೀಮರಾಜು ಇದಾರಾ ಎಂದು ಅಲ್ಲಿನ ಹುಡುಗಿ ಕೇಳಿದರೆ ದಯಾನಂದ್, ನಾನೇ ಭೀಮರಾಜು, ಹೇಳಿ ಎಂದಿದ್ದ. ಅವಳು ಕಾಯಿಲೆಯ ಹೆಸರು ಎತ್ತಲಿಲ್ಲ. ಇನ್ನೊಂದು ಸಲ ಪರೀಕ್ಷೆ ಮಾಡಬೇಕು, ನೀವೇ ಖುದ್ದಾಗಿ ಸರ್ಕಾರಿ ಆಸ್ಪತ್ರೆಗೆ ಹೋಗಿ, ಉಳಿದದ್ದು ಫೋನಿನಲ್ಲಿ ಹೇಳುವ ಹಾಗಿಲ್ಲ ಎಂದಿದ್ದಳು. ಫೋನಿನಲ್ಲಿ ಹೇಳಲಾಗದ್ದು ಇನ್ಯಾವುದಿರುತ್ತದೆ ಎಂದು ಶ್ರೀರಂಗಯ್ಯ ಪಕ್ಕದಲ್ಲಿ ಪಿಸುಗುಟ್ಟಿದ್ದ. ಅಷ್ಟು ಸಾಕಾಗಿತ್ತು.

ಭೀಮರಾಜುವಿನ ಈಟಿಯನ್ನು ಕಿತ್ತುಹಾಕಲು ದಯಾನಂದ್ ಹೇಳಿದ. ಕಿತ್ತವನು ಗಂಗಯ್ಯ. ಹನ್ನೆರಡು ವರ್ಷ ಭೀಮರಾಜುವಿನ ಜೊತೆ ಒಂದೇ ಬುತ್ತಿಯಲ್ಲಿ ಮುದ್ದೆ ಮುರಿದವನು, ಕೈಗೆ ಗೋಣಿಚೀಲ ಸುತ್ತಿಕೊಂಡು ಬಂದು ಅದನ್ನು ಅಲ್ಲಾಡಿಸಿ ಎಳೆದ. ಸುಲಿಯುವವರ ಅಂಗೈ ಎಂದರೆ ಗೀರು, ತರಚು, ಒಣಗಿದ ರಕ್ತ. ಯಾರ ಈಟಿ ಮೊಂಡಾದರೂ ಪಕ್ಕದವನದರಲ್ಲಿ ಸುಲಿಯುವುದು ಅಲ್ಲಿ ರೂಢಿ. ಗಂಗಯ್ಯ ಗೋಣಿ ಬಿಚ್ಚಿ ತನ್ನ ಬಲಗೈ ನೋಡಿಕೊಂಡ. "ಮೊನ್ನೆ ಇದ್ರಾಗೇ ನಂಗೂ ತರ್ಚಿತ್ತಲ್ಲಪ್ಪ," ಎಂದ, ಯಾರಿಗೂ ಅಲ್ಲದ ಹಾಗೆ.

ಭೀಮರಾಜು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ನಲ್ಲಿಯ ಹತ್ತಿರ ಅವನನ್ನು ಕಂಡು ನೆರೆಮನೆಯ ತಿಮ್ಮಕ್ಕ ತನ್ನ ಅರ್ಧ ತುಂಬಿದ ಕೊಡವನ್ನು ಚೆಲ್ಲಿ, ತೊಳೆದು, ಮತ್ತೆ ಹಿಡಿದಳು. ಪವಿತ್ರಾ ಬಾಗಿಲಲ್ಲೇ ನಿಂತಿದ್ದಳು. ಹತ್ತು ತಿಂಗಳ ಹೆಣ್ಣುಮಗು ವರ್ಷಿಣಿ ಅವಳ ಸೊಂಟದ ಮೇಲಿತ್ತು. ಅಪ್ಪನನ್ನು ಕಂಡು ಎರಡೂ ಕೈ ಚಾಚಿತು. ಅವನು ಎತ್ತಿಕೊಳ್ಳಲಿಲ್ಲ.

ಹತ್ತಿರದ ತುರುವೇಕೆರೆ ಆಸ್ಪತ್ರೆಗೆ ಹೋದರೆ ಗುರುತಿನವರು ಸಿಗುತ್ತಾರೆಂದು ಮಾರನೇ ದಿನ ತಿಪಟೂರಿನ ಬಸ್ಸು ಹತ್ತಿದರು. ಕೆರೆ ಏರಿ ದಾಟಿ ಬಸ್ಸು ತೋಟಗಳ ನಡುವೆ ಹೋಗುತ್ತಿದ್ದಾಗ ಮಗು ಹಟ ಮಾಡಿತು. ಪವಿತ್ರಾ ಸೆರಗು ಮುಚ್ಚಿ ಹಾಲಿಗೆ ಹಾಕಿಕೊಂಡಳು. ಭೀಮರಾಜು ಕಿಟಕಿಯ ಕಂಬಿಯನ್ನು ಗಟ್ಟಿಯಾಗಿ ಹಿಡಿದು, ಅವಳ ಮುಖ ನೋಡದೆ ಹೇಳಿದ. ಮದುವೆಗೆ ಮುಂಚೆ, ಕೊಬ್ಬರಿ ಲಾರಿಯ ಜೊತೆ ಡೆಲ್ಲಿಗೆ ಹೋಗಿದ್ದು ಅವಳಿಗೆ ಗೊತ್ತಿತ್ತು. ವಾಪಸ್ಸು ಬರುವಾಗ ದಾರಿಯ ಢಾಬಾದ ಹಿಂದಿನ ಕೋಣೆಗೆ ಡ್ರೈವರ್ ಕರೆದುಕೊಂಡು ಹೋದದ್ದು ಗೊತ್ತಿರಲಿಲ್ಲ.

"ಒಂದೇ ಸಲ ಕಣೇ. ಏಳು ವರ್ಸಾತು."

ಪವಿತ್ರಾ ಮಗುವಿನ ಬಾಯಿಯನ್ನು ಎದೆಯಿಂದ ಬಿಡಿಸಿದಳು. ಅದು ಅಳತೊಡಗಿತು. ರವಿಕೆ ಸರಿ ಮಾಡಿಕೊಂಡು, ಅಳುವ ಮಗುವನ್ನು ಎರಡೂ ಕೈಯಲ್ಲಿ ತನ್ನಿಂದ ಒಂದಿಷ್ಟು ದೂರ ಹಿಡಿದು ಕೂತಳು. ತಿಪಟೂರು ಬರುವವರೆಗೂ ಮಗು ಅಳುತ್ತಲೇ ಇತ್ತು. ಹಸಿದಿದೆ, ಹಾಲು ಕೊಡಮ್ಮ ಎಂದು ಹಿಂದಿನ ಸೀಟಿನ ಮುದುಕಿ ಮೂರು ಸಲ ಹೇಳಿದಳು.

ಆಸ್ಪತ್ರೆಯಲ್ಲಿ ಏಡ್ಸ್ ಪರೀಕ್ಷೆಯ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿದ್ದ ಆಪ್ತಸಮಾಲೋಚಕಿ ಸೌಮ್ಯ ಮೇಡಂ ಕುರ್ಚಿ ತೋರಿಸಿದಳು. ಅವನು ಅದರ ಅಂಚಿಗೆ ಕೂತ. ಅವಳು ಹೇಳಿದ್ದರಲ್ಲಿ ಅರ್ಧ ಅವನ ಕಿವಿಯ ಒಳಗೇ ಹೋಗಲಿಲ್ಲ. ಬ್ಲಡ್ ಬ್ಯಾಂಕಿನಲ್ಲಿ ಮಾಡುವುದು ಸೋಸುವ ಪರೀಕ್ಷೆ. ರಕ್ತ ಹಾಕಿಸಿಕೊಳ್ಳುವವರಿಗೆ ಕೆಡುಕಾಗಬಾರದೆಂದು ಅಲ್ಲಿ ಒಂದಿಷ್ಟು ಅನುಮಾನ ಬಂದರೂ ಆ ಚೀಲವನ್ನು ಯಾರಿಗೂ ಕೊಡದೆ ನಾಶಮಾಡುತ್ತಾರೆ. ಸಣ್ಣ ಕಣ್ಣಿನ ಬಟ್ಟೆಯಲ್ಲಿ ಸೋಸಿದರೆ ಒಮ್ಮೊಮ್ಮೆ ಏನೂ ಅಲ್ಲದ್ದೂ ಸಿಕ್ಕಿಬೀಳುತ್ತದೆ. ಕಾಯಿಲೆ ಇದೆಯೋ ಇಲ್ಲವೋ ತೀರ್ಮಾನವಾಗುವುದು ಇಲ್ಲಿ, ಬೇರೆ ಬೇರೆ ಮೂರು ಕಿಟ್ಟಿನಲ್ಲಿ ನೋಡಿದ ಮೇಲೆ. ಇದ್ದರೂ ಮಾತ್ರೆ ಇದೆ, ಪುಕ್ಕಟೆ ಕೊಡುತ್ತಾರೆ, ದಿನವೂ ನುಂಗಿದರೆ ಎಲ್ಲರ ಹಾಗೆ ಬದುಕಬಹುದು. ಮುಟ್ಟಿದರೆ, ಒಟ್ಟಿಗೆ ಉಂಡರೆ, ಒಂದೇ ನಲ್ಲಿಯ ನೀರು ಕುಡಿದರೆ ಬರುವುದಿಲ್ಲ.

ಯಜಮಾನರೇ ಫೋನಿನಲ್ಲಿ ಕೇಳಿಸಿಕೊಂಡು ಎಲ್ಲರೆದುರು ಹೇಳಿದರೆಂದು ಅವನು ಅಂದಾಗ ಅವಳ ಪೆನ್ನು ನಿಂತಿತು. ನಿಮ್ಮ ಒಪ್ಪಿಗೆ ಇಲ್ಲದೆ ಈ ಪರೀಕ್ಷೆ ಮಾಡುವ ಹಾಗಿಲ್ಲ, ಯಾರ ಫಲಿತಾಂಶವನ್ನೂ ಊರಿಗೆ ಸಾರುವ ಹಾಗಿಲ್ಲ, ಅದಕ್ಕೆ ಕಾನೂನೇ ಇದೆ ಎಂದಳು.

ಇಬ್ಬರದೂ ರಕ್ತ ತೆಗೆದರು. ಹೊರಗಿನ ಬೆಂಚಿನ ಮೇಲೆ ಪವಿತ್ರಾ ಮಗುವಿಗೆ ಬಿಸ್ಕತ್ತು ನೀರಲ್ಲಿ ನೆನೆಸಿ ತಿನ್ನಿಸುತ್ತ, ಗಂಡನ ಕಡೆ ತಿರುಗದೆ ಕೂತಳು. ಬಾಗಿಲು ತೆರೆದಾಗಲೆಲ್ಲ ಭೀಮರಾಜು ಎದ್ದು ನಿಂತು ಮತ್ತೆ ಕೂರುತ್ತಿದ್ದ. ಬೆವರು ಕಾಲಿನವರೆಗೂ ಇಳಿಯುತ್ತಿತ್ತು. ಈ ಬೆವರಿನಲ್ಲೂ ಅದು ಇರಬಹುದೇ ಎಂದು ಯೋಚನೆ ಬಂದು ಬೆಂಚನ್ನು ಅಂಗಿಯ ಚುಂಗಿನಿಂದ ಒರೆಸಿದ.

ಪವಿತ್ರಾಗೆ ಏನೂ ಇಲ್ಲ ಎಂದು ಬಂತು. ಮಗುವಿಗೆ ಹಾಲು ನಿಲ್ಲಿಸಬೇಡಿ ಎಂದು ಮೇಡಂ ಹೇಳಿದ ಕೂಡಲೇ ಅವಳು ಅಲ್ಲೇ, ಆ ಕೋಣೆಯಲ್ಲೇ, ಗೋಡೆಗೆ ತಿರುಗಿ ಮಗುವನ್ನು ಎದೆಗೆ ಒತ್ತಿಕೊಂಡಳು. ಭೀಮರಾಜುವಿನದು ಇತ್ಯರ್ಥವಾಗಲಿಲ್ಲ. ಒಂದು ಕಿಟ್ಟು ಹೌದು ಎಂದಿತ್ತು, ಉಳಿದೆರಡು ಇಲ್ಲ ಎಂದಿದ್ದವು. ಹದಿನಾಲ್ಕು ದಿನ ಬಿಟ್ಟು ಮತ್ತೆ ರಕ್ತ ಕೊಡಬೇಕು. ಅಲ್ಲಿಯವರೆಗೆ ಹೌದೂ ಅಲ್ಲ, ಇಲ್ಲವೂ ಅಲ್ಲ.

"ಹದ್ನಾಕು ದಿನ ನಾನು ಏನಂದ್ಕಂಡು ಇರ್ಲಿ ಮೇಡಂ?" ಎಂದು ಅವನು ಕೇಳಿದ. ಅವಳು ಮತ್ತೆ ಬರಬೇಕಾದ ತಾರೀಕನ್ನು ಚೀಟಿಯಲ್ಲಿ ಬರೆದು ಕೊಟ್ಟಳು.

ಆಸ್ಪತ್ರೆಗೆ ಹೋಗಿಬಂದ ಎರಡು ದಿನಕ್ಕೆ, ಬೆಳಗ್ಗೆ ಶ್ರೀರಂಗಯ್ಯ ಕಾಲೋನಿಗೇ ಬಂದು, ಬೇಲಿಯ ಆಚೆ ನಿಂತು, ಎಲ್ಲರೂ ಮಂಡಿಗೆ ಬರಬೇಕೆಂದು ಕೂಗಿ ಹೇಳಿದ. ಭೀಮರಾಜುವೂ ಬರಬೇಕಂತೆ. ತಿಪಟೂರಿನ ವ್ಯಾಪಾರಿಗಳ ಕಿವಿಗೆ ಸುದ್ದಿ ಬಿದ್ದಿತ್ತು. ಆ ಮಂಡಿಯ ಕೊಬ್ಬರಿ ಬೇಡ ಎಂದು ಇಬ್ಬರು ಹಿಂದೆಗೆದಿದ್ದರು. ಅದಕ್ಕೆ ದಯಾನಂದ್ ಯಾವುದೋ ಖಾಸಗಿ ಲ್ಯಾಬಿನವನನ್ನು ಕರೆಸಿದ್ದ. ಕೂಲಿಯವರೆಲ್ಲರ ರಕ್ತ ತೆಗೆಸಿ, ಯಾರಿಗೆ ಇದೆ ಯಾರಿಗೆ ಇಲ್ಲ ಎಂಬ ಪಟ್ಟಿಯನ್ನು ಹೆಸರು ಸಮೇತ ಮಂಡಿಯ ಬಾಗಿಲಿಗೆ ಅಂಟಿಸುವುದು ಅವನ ಲೆಕ್ಕ.

ಅಂಗಳದಲ್ಲಿ ಒಂದು ಮೇಜು, ಮೇಜಿನ ಮೇಲೆ ಸಿರಿಂಜುಗಳು. ಹದಿನಾಲ್ಕು ಜನ ಸಾಲಾಗಿ ನಿಂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರಿಗಿಂತ ಮುಂದೆ ಗಂಗಯ್ಯ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ನಿಂತಿದ್ದ. ಭೀಮರಾಜು ಸಾಲಿನಿಂದ ದೂರ, ಸಿಪ್ಪೆಯ ರಾಶಿಯ ಹತ್ತಿರ ನಿಂತ. ಅಲ್ಲಿಂದಲೇ ಕೂಗಿ ಹೇಳಿದ.

"ಒಪ್ಗೆ ಇಲ್ದೆ ರಕ್ತ ತಗಿಯಂಗಿಲ್ವಂತೆ, ಸಾವ್ಕಾರ್ರೆ. ಹೆಸ್ರು ಬರ್ದು ಅಂಟ್ಸಂಗೂ ಇಲ್ವಂತೆ. ಕಾನೂನೈತೆ ಅಂದ್ರು."

"ಏನಂದ್ಯೋ ಸೂಳೆಮಗನೆ? ಕಂಡ್ ಕಂಡಲ್ಲಿ ಬಿದ್ದು ರೋಗ ಹತ್ತಿಸ್ಕಂಡು ಬಂದು ನಂಗೇ ಕಾನೂನು ಯೋಳ್ತೀಯಾ?"

ದಯಾನಂದ್ ಅಂಗಳ ದಾಟಿ ನುಗ್ಗಿ ಬಂದ. ಕೈ ಎತ್ತಿದ. ಭೀಮರಾಜು ಕಣ್ಣು ಮುಚ್ಚಿ ಕೆನ್ನೆ ಕೊಟ್ಟ. ಈ ಏಟು ಅವನಿಗೆ ಹೊಸದಲ್ಲ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಯಜಮಾನನ ಕೈ ಗಾಳಿಯಲ್ಲೇ ನಿಂತಿತ್ತು. ಮುಟ್ಟಲು ಹೆದರಿದ್ದ. ಆ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ದಯಾನಂದ್ ಅದನ್ನು ನಿಧಾನಕ್ಕೆ ಇಳಿಸಿ ಪಂಚೆಗೆ ಒರೆಸಿಕೊಂಡ. ಅದನ್ನು ಎಲ್ಲರೂ ನೋಡಿದರು.

ಸಾಲಿನ ಕೊನೆಯಲ್ಲಿದ್ದ ಚಿಕ್ಕಗಂಗಮ್ಮ ಈಚೆ ಬಂದಳು. ಮೂವತ್ತು ವರ್ಷದಿಂದ ಆ ಅಂಗಳದಲ್ಲಿ ಕರಟ ಒಡೆದವಳು, ಈ ದಯಾನಂದನನ್ನು ಚಡ್ಡಿ ಹಾಕುವಾಗಿನಿಂದ ನೋಡಿದವಳು.

"ಗಂಗಯ್ಯ, ತೋಳು ಇಳ್ಸಪ್ಪ," ಎಂದಳು. ಆಮೇಲೆ ಯಜಮಾನನ ಕಡೆ ತಿರುಗಿದಳು. "ಅವತ್ತು ಫೋಟ ತೆಗ್ಯಗಂಟ ಮಂಚದ ಮ್ಯಾಲೆ ಮಲ್ಗಿದ್ರಿ ಸ್ವಾಮಿ. ಸೂಜಿ ಬರೋ ಹೊತ್ಗೆ ಎದ್ದು ಹೋದ್ರಿ. ಇವತ್ತು ಮೊದ್ಲು ನಿಮ್ ತೋಳು ಕೊಡಿ. ಪಟ್ಟೀಲಿ ಮೊದ್ಲು ನಿಮ್ ಹೆಸ್ರು ಬರೀಲಿ. ಆಮ್ಯಾಕೆ ನಮ್ದು."

ಲ್ಯಾಬಿನವನು ದಯಾನಂದನ ಮುಖ ನೋಡಿದ. ಶ್ರೀರಂಗಯ್ಯನೂ ನೋಡಿದ. ದಯಾನಂದನ ಬಾಯಿಂದ ಎರಡು ಕೆಟ್ಟ ಬೈಗುಳ ಬಂದವು, ಆದರೆ ಅಂಗಿಯ ತೋಳಿನ ಗುಂಡಿಗೆ ಅವನ ಕೈ ಹೋಗಲಿಲ್ಲ. ಗಂಗಯ್ಯ ಮಡಚಿದ್ದ ತೋಳನ್ನು ಬಿಡಿಸಿಕೊಂಡ. ಅವನ ಹಿಂದಿನವನೂ ಬಿಡಿಸಿಕೊಂಡ. ನಾಳೆಯಿಂದ ಒಬ್ಬ ನನ್ಮಗನಿಗೂ ಇಲ್ಲಿ ಕೆಲಸವಿಲ್ಲ, ಬಿಹಾರದವರನ್ನು ಕರೆಸುತ್ತೇನೆ ಎಂದು ದಯಾನಂದ್ ಕೂಗಿದ. ಅದು ಸುಳ್ಳು ಬೆದರಿಕೆಯಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಒಬ್ಬೊಬ್ಬರಾಗಿ ಗೇಟಿನ ಕಡೆ ನಡೆದರು.

ಎಲ್ಲರೂ ಒಂದೇ ರಸ್ತೆಯಲ್ಲಿ ನಡೆದರು. ಹಾಗೆಂದು ಯಾರೂ ಭೀಮರಾಜುವಿನ ಹತ್ತಿರವೂ ಬರಲಿಲ್ಲ. ಗಂಗಯ್ಯ ರಸ್ತೆಯ ಆ ಬದಿಯಲ್ಲಿ ನಡೆಯುತ್ತಿದ್ದ. ಕಾಲೋನಿಯ ತಿರುವಿನಲ್ಲಿ ಚಿಕ್ಕಗಂಗಮ್ಮ ಹಿಂದಿನಿಂದ ಬಂದು ಭೀಮರಾಜುವಿನ ಮುಂಗೈ ಹಿಡಿದಳು. ಮೂರು ದಿನದಲ್ಲಿ ಸೂಜಿ ಹಿಡಿದವರನ್ನು ಬಿಟ್ಟರೆ ಅವನನ್ನು ಮುಟ್ಟಿದವರು ಅವಳೊಬ್ಬಳೇ.

"ಹಿಡ್ಕಂಡ್ರೆ ಬರಕಿಲ್ಲ ಅಂದ್ಲಾ ಮಗ, ಆ ಯಮ್ಮ?"

"ಬರಕಿಲ್ವಂತೆ ಕಣವ್ವ."

"ದಿಟವಾಗ್ಲೂ?"

ಅವನು ತಲೆಯಾಡಿಸಿದ. ಅವಳು ಕೈ ಬಿಡಲಿಲ್ಲ. ಅವಳ ಅಂಗೈ ತಣ್ಣಗೆ ಬೆವತಿತ್ತು. ಮತ್ತೆ ರಕ್ತ ಕೊಡಲು ಇನ್ನು ಹನ್ನೆರಡು ದಿನ.