ವೆಲ್ಕೊ ಸಹಿ ಹಾಕದ ವಿಮಾನ

ರುಮೆನಾ ಆ ಹೂಚಕ್ರವನ್ನು ಕಾಲಿನಿಂದಲೇ ಉಳಿದವುಗಳ ಹಿಂದಕ್ಕೆ ತಳ್ಳುತ್ತಿದ್ದಳು. ಅದರ ಪಟ್ಟಿಯ ಮೇಲೆ ಹೊಂಬಣ್ಣದಲ್ಲಿ 'ಗ್ಲಾರಸ್ ಏರ್‌ಲೈನ್ಸ್, ಕೃತಜ್ಞತೆಯೊಂದಿಗೆ' ಎಂದಿತ್ತು. ಎಲ್ಲಕ್ಕಿಂತ ದೊಡ್ಡದು ಅದೇ. ಎಷ್ಟು ತಳ್ಳಿದರೂ ತಲೆ ಎತ್ತಿಕೊಂಡೇ ನಿಂತಿತ್ತು.

"ಕೃತಜ್ಞತೆಯಂತೆ! ಯಾತಕ್ಕೋ?" ಎಂದಳು ಮಾಗ್ದಾ ಅತ್ತೆ, ತೀರಿಕೊಂಡವನ ಅಕ್ಕ. "ಬಿಡೇ, ಊರೋರೆಲ್ಲ ಓದಿ ಆಯ್ತು."

ಓದಿದ್ದರು, ನಿಜ. ಪಾದ್ರಿಗಾಗಿ ಕಾಯುತ್ತ ಸ್ಮಶಾನದ ಗೋಡೆಗೆ ಒರಗಿ ನಿಂತವರೆಲ್ಲ ಒಮ್ಮೆ ಹೂಚಕ್ರವನ್ನು, ಒಮ್ಮೆ ಅವಳನ್ನು ನೋಡುತ್ತಿದ್ದರು. ಅವಳ ಅಪ್ಪ ವೆಲ್ಕೊ ಸ್ತಾಮೆನೊವ್ ವಿಮಾನ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಇನ್ಸ್‌ಪೆಕ್ಟರ್. ಹೇಳದೆ ಕೇಳದೆ ಟಾರ್ಚ್ ಹಿಡಿದು ವಿಮಾನದ ಹೊಟ್ಟೆಯಡಿ ನುಗ್ಗುವವನು, ಕಂಪನಿಯವರ ಕಾಫಿಯನ್ನೂ ಮುಟ್ಟದವನು. ಅಂಥವನು ಹೋದ ವರ್ಷ ಚಳಿಗಾಲವಿಡೀ ಗ್ಲಾರಸ್‌ನ ಎರಡೂ ವಿಮಾನಗಳನ್ನು ನೆಲಕ್ಕೆ ಕೂರಿಸಿ, ಬೇಸಿಗೆ ಬರುತ್ತಲೇ ಒಂದನ್ನು ಹಾರಲು ಬಿಟ್ಟ. ಸ್ವಲ್ಪ ದಿನಕ್ಕೆ ಅವನ ಅಳಿಯ, ರುಮೆನಾಳ ಗಂಡ ಪ್ಲಾಮೆನ್‌ಗೆ ಅದೇ ಕಂಪನಿಯಲ್ಲಿ ಸಹ ಪೈಲಟ್ ಕೆಲಸ ಸಿಕ್ಕಿತು. ಕಪ್ಪು ಸಮುದ್ರದ ದಡದ ಆ ಪುಟ್ಟ ಊರು ಎರಡನ್ನೂ ಜೋಡಿಸಿ ನೋಡಿತು. ರುಮೆನಾಳೂ ನೋಡಿದಳು. ಅಪ್ಪನನ್ನು ಕೇಳಿಯೇ ಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದು ಮುಚ್ಚಿದ್ದಳು. ಮೊನ್ನೆ ಟೊಮೆಟೊ ಗಿಡಕ್ಕೆ ಕೋಲು ಕಟ್ಟುತ್ತಿದ್ದವನು ಎದೆ ಹಿಡಿದು ಕೂತ. ಮತ್ತೆ ಏಳಲಿಲ್ಲ.

"ಸ್ವರ್ಗದ ಬಾಗಿಲ ಕೀಲಿಗೆ ಎಣ್ಣೆ ಹಾಕಿಲ್ಲ ಅಂತ ಇಷ್ಟೊತ್ತಿಗೆ ಅದನ್ನ ಕಾಯೋ ಸಂತ ಪೀಟರ್‌ಗೇ ನೋಟೀಸ್ ಕೊಟ್ಟಿರ್ತಾನೆ," ಎಂದ ಪಕ್ಕದ ಮನೆಯ ದೊಬ್ರಿ.

"ಪೀಟರ್‌ಗೆ ಅಳಿಯ ಯಾರಾದ್ರೂ ಇದ್ರೆ ಬಾಗಿಲು ತಾನಾಗೇ ತೆರ್ಕೊಳ್ಳುತ್ತೆ ಬಿಡು," ಎಂದಿತು ಇನ್ನೊಂದು ದನಿ. ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು.

ಅಷ್ಟರಲ್ಲಿ ಗೇಟಿನ ಬಳಿ ಕರಿ ಕಾರು ನಿಂತಿತು. ಗ್ಲಾರಸ್‌ನ ಮುಖ್ಯಸ್ಥ ಕ್ಯಾಪ್ಟನ್ ಇಲ್ಚೆವ್ ಇಳಿದ. ಪ್ಲಾಮೆನ್ ಓಡಿ ಹೋಗಿ ಕೈ ಕುಲುಕಿದ್ದು ರುಮೆನಾಳಿಗೆ ಹಿಡಿಸಲಿಲ್ಲ.

"ಸ್ವಲ್ಪ ಮುಖ ಸಡಿಲ ಬಿಡೇ," ಎಂದ ಅವನು ಹಿಂದಿರುಗಿ. "ಶನಿವಾರದಿಂದ ಎರಡನೇ ವಿಮಾನ ಹಾರುತ್ತಂತೆ. ಮೊದಲ ಹಾರಾಟಕ್ಕೇ ನನ್ನ ಹಾಕಿದಾರೆ."

"ಅಪ್ಪ ಅದನ್ನ ಬಿಟ್ಟಿರಲಿಲ್ಲ ಅಲ್ವಾ?"

"ಈಗ ಬಿಟ್ಟಿದಾರೆ. ನಿನಗ್ಯಾಕೆ ಎಲ್ಲದರಲ್ಲೂ ಅನುಮಾನ?"

*

ಅನುಮಾನ ಶುರುವಾದದ್ದು ಕಳೆದ ಬೇಸಿಗೆಯಲ್ಲಿ. ಮಗಳು ಮೊಮ್ಮಗಳಿಗೆ ಚಾಕೊಲೇಟ್ ಕೊಡಿಸಲೂ ಹಿಂದೆಮುಂದೆ ನೋಡುವ ಅಪ್ಪ ಬೆಳಿಗ್ಗೆ ಫೋನ್ ಮಾಡಿ, "ಬಟ್ಟೆ ತುಂಬ್ಕೊ, ಮಗೂನೂ ಕರ್ಕೊ. ಗ್ರೀಸ್‌ನ ಕೋರ್ಫು ದ್ವೀಪಕ್ಕೆ ಹೋಗ್ತಿದೀವಿ," ಎಂದಿದ್ದ.

ಗ್ಲಾರಸ್ ವಿಮಾನ. ಹಿಂದಿನ ದಿನವಷ್ಟೇ ಅವನು ಸಹಿ ಹಾಕಿದ್ದ ವಿಮಾನ. ಮೆಟ್ಟಿಲ ಬಳಿ ಇಲ್ಚೆವ್ ಖುದ್ದಾಗಿ ನಿಂತು, ಮುಂದಿನ ಸಾಲಿನಲ್ಲಿ ಕೂರಿ ಎಂದು ಗೋಗರೆದ. ಅಪ್ಪ ಕೇಳಲಿಲ್ಲ. ಮೂವರೂ ಕೊನೆಯ ಸಾಲಿನಲ್ಲಿ, ಶೌಚಾಲಯದ ಪಕ್ಕ ಕೂತರು. ಗಗನಸಖಿ ಮಗುವಿಗೆ ತಂದ ಮಿಠಾಯಿಯನ್ನೂ ಹಿಂದಕ್ಕೆ ಕಳಿಸಿದ. ಎಲ್ಲ ನಾಟಕ ಎನ್ನಿಸಿತು ರುಮೆನಾಳಿಗೆ. ಬಿಟ್ಟಿ ಟಿಕೆಟ್ ತಗೊಂಡವನು ಮಿಠಾಯಿ ಬೇಡ ಅಂದರೆ ಯಾರು ನಂಬುತ್ತಾರೆ?

ವಿಮಾನ ಮೇಲೇಳುವಾಗ ಅಪ್ಪ ಕಣ್ಣು ಮುಚ್ಚಿ ಏನನ್ನೋ ಆಲಿಸುತ್ತಿದ್ದ. ಅವನ ಕೈ ಮಗುವಿನ ಮೊಣಕಾಲ ಮೇಲಿತ್ತು, ಬೆವರಿತ್ತು. ಅಪ್ಪನಿಗೆ ವಿಮಾನವೆಂದರೆ ಭಯವೇ ಎಂದು ಅವಳು ಒಳಗೇ ನಕ್ಕಿದ್ದಳು.

*

ಪೆಟ್ಟಿಗೆ ಕೆಳಗಿಳಿಯಿತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಮಾಗ್ದಾ ಅತ್ತೆ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯನ್ನು ಹಂಚುತ್ತ ಬಂದಳು, ಹಿಂದೆಯೇ ದೊಬ್ರಿ ಕೆಂಪು ವೈನ್ ಹಿಡಿದು ಬಂದ. ಒಬ್ಬೊಬ್ಬರೂ ಸತ್ತವನ ಪಾಲೆಂದು ಮೊದಲು ನೆಲಕ್ಕೆ ಒಂದಿಷ್ಟು ಚೆಲ್ಲಿ, ಆಮೇಲೆ ಕುಡಿದರು.

ಇಲ್ಚೆವ್ ಲೋಟ ಹಿಡಿದು ರುಮೆನಾಳ ಹತ್ತಿರ ಬಂದ. "ದೊಡ್ಡ ಮನುಷ್ಯ ಕಣಮ್ಮ ನಿಮ್ಮಪ್ಪ."

ಅವಳಿಗೆ ತಡೆಯಲಾಗಲಿಲ್ಲ. "ಆ ಕೋರ್ಫು ಟಿಕೆಟ್ಟಿಗೆ ಬದಲಾಗಿ ಏನು ಮಾಡಿಕೊಟ್ರು ಕ್ಯಾಪ್ಟನ್? ಇಲ್ಲೇ ಹೇಳಿಬಿಡಿ, ಎಲ್ಲರೂ ಕೇಳಲಿ."

ಪ್ಲಾಮೆನ್ ಅವಳ ತೋಳು ಹಿಡಿದ. ಇಲ್ಚೆವ್ ಮಾತ್ರ ನಕ್ಕುಬಿಟ್ಟ.

"ಟಿಕೆಟ್ಟಾ? ಕೌಂಟರಿನ ಮುಂದೆ ಕ್ಯೂ ನಿಂತು ಕಾಸು ಕೊಟ್ಟು ತಗೊಂಡ ಆ ಮೊಂಡ! ನಾನೇ ಹೋಗಿ, 'ಸ್ತಾಮೆನೊವ್, ಮಗೂನ ಯಾಕಪ್ಪ ಕರ್ಕೊಂಡು ಬರ್ತೀಯ, ಮೊದಲ ಹಾರಾಟ' ಅಂದೆ. 'ನನ್ನೋರನ್ನ ಕೂರಿಸಕ್ಕೆ ಧೈರ್ಯ ಇಲ್ದಿದ್ರೆ ಊರೋರನ್ನ ಕೂರಿಸಿ ಅಂತ ಹೆಂಗೆ ಸಹಿ ಹಾಕಲಿ' ಅಂದ. ಯಾವ ಕಂಪನಿಯ ವಿಮಾನಕ್ಕೆ ಸಹಿ ಹಾಕಿದ್ರೂ ಇದೇ ಅವನ ಪದ್ಧತಿ."

ಮಾಗ್ದಾ ಅತ್ತೆಯ ಕೈಯಲ್ಲಿದ್ದ ಗೋಧಿ ತಟ್ಟೆ ವಾಲಿತು. "ನನ್ನನ್ನೂ ಒಂದ್ಸಲ ವಿಯೆನ್ನಾಕ್ಕೆ ಕರ್ಕೊಂಡು ಹೋಗಿದ್ದ ಕಳ್ಳ. ಅಕ್ಕ ಅಂತ ಪ್ರೀತಿ ಅಂದ್ಕೊಂಡಿದ್ದೆ!"

"ಮತ್ತೆ ಇವರ ಕೆಲಸ?" ಎಂದಳು ರುಮೆನಾ. ಅವಳ ದನಿ ಇಳಿದಿತ್ತು.

"ತಗೋಬೇಡಿ ಅಂತ ಹೇಳಕ್ಕೆ ಬಂದಿದ್ದ. ನಾವೇ ತಗೊಂಡ್ವಿ." ಇಲ್ಚೆವ್ ಹೆಗಲು ಕುಣಿಸಿದ. "ಅಳಿಯ ಒಳಗಿದ್ರೆ ಮಾವ ಎರಡನೇ ವಿಮಾನದ ವಿಷಯದಲ್ಲಿ ಸ್ವಲ್ಪ ಮೆತ್ತಗಾಗ್ತಾನೆ ಅಂತ ಲೆಕ್ಕ ಹಾಕಿದ್ವಿ. ಆಗಲಿಲ್ಲ ಬಿಡಿ."

ಪ್ಲಾಮೆನ್ ಅವಳ ತೋಳು ಬಿಟ್ಟ. ರುಮೆನಾಳಿಗೆ ಅಳು ಉಕ್ಕಿತು. ವರ್ಷವಿಡೀ ಅಪ್ಪನ ಎದುರು ಕೂತು ಉಂಡು, ಒಳಗೆ ಅವನನ್ನು ಕಳ್ಳನೆಂದುಕೊಂಡಿದ್ದಳಲ್ಲ ಎಂದು ನಾಚಿಕೆಯಾಯಿತು. ತನ್ನ ಮಗುವನ್ನು ಅಂಥ ಪರೀಕ್ಷೆಗೆ ಒಡ್ಡಿದನಲ್ಲ ಎಂದು ಸಿಟ್ಟೂ ಬಂತು. ಆ ಬೆವರಿದ ಕೈ ಯಾತಕ್ಕೆ ಬೆವರಿತ್ತೆಂದು ಈಗ ಗೊತ್ತಾಯಿತು.

ಆದರೆ ಅವಳು ಅಳಲಿಲ್ಲ. "ಎರಡನೇ ವಿಮಾನಕ್ಕೆ ಅಪ್ಪ ಕೊನೆಗೂ ಸಹಿ ಹಾಕಲಿಲ್ಲ, ಅಲ್ವಾ?"

"ಅವನಿಗೆ ಎಲ್ಲದರಲ್ಲೂ ಅನುಮಾನ ಕಣಮ್ಮ. ಹೊಸ ಇನ್ಸ್‌ಪೆಕ್ಟರ್ ನೋಡಿದಾರೆ. ನಿನ್ನೆ ಸಹಿ ಆಯ್ತು."

ನಿನ್ನೆ ಅಪ್ಪ ಇನ್ನೂ ಮನೆಯ ನಡುಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದ.

"ಹಂಗಾದ್ರೆ ಶನಿವಾರ ನಿಮ್ಮೋರು ಯಾರು ಕೂರ್ತಾರೆ ಕ್ಯಾಪ್ಟನ್? ನಿಮ್ಮ ಮಗಳನ್ನ ಕೂರಿಸ್ತೀರಾ?"

ಇಲ್ಚೆವ್ ಲೋಟ ಎತ್ತಿ, ಇದ್ದಷ್ಟನ್ನೂ ಒಂದೇ ಗುಟುಕಿಗೆ ಕುಡಿದುಬಿಟ್ಟ.

"ಅಯ್ಯೋ," ಎಂದಳು ಮಾಗ್ದಾ ಅತ್ತೆ, "ವೆಲ್ಕೊಗೆ ಒಂದು ಹನೀನೂ ಬಿಡಲಿಲ್ಲವಲ್ಲ."

ಇಲ್ಚೆವ್ ಖಾಲಿ ಲೋಟವನ್ನು ತಲೆಕೆಳಗು ಮಾಡಿ ಕೊಡವಿದ. ಏನೂ ಬೀಳಲಿಲ್ಲ. ಸುತ್ತ ನಿಂತವರೆಲ್ಲರ ಕಾಲ ಬುಡದಲ್ಲಿ ಮಣ್ಣು ಕೆಂಪಗೆ ನೆನೆದಿತ್ತು. ಇಲ್ಚೆವ್‌ನ ಬೂಟಿನ ಮುಂದಿನ ಒಣ ಮಣ್ಣನ್ನೇ ನೋಡುತ್ತ ನಿಂತಿದ್ದ, ಶನಿವಾರ ಹಾರಬೇಕಿದ್ದ ಪ್ಲಾಮೆನ್.