ಹನ್ನೊಂದನೆಯ ಹತ್ತಿಯುಂಡೆ

ಸ್ಪಿರಿಟ್ಟಿನ ವಾಸನೆ, ಬೆರಳ ಸಂದಿಗಳಲ್ಲಿ ಇನ್ನೂ ತಣ್ಣಗೆ ಉಳಿದಿದೆ, ಎರಡು ಬಾರಿ ಸೋಪು ಹಚ್ಚಿದರೂ ಹೋಗದು, ಕಿಟಕಿಯ ಬಿಸಿಲು ಸ್ಟೀಲು ಟ್ರೇಯ ಅಂಚಿನಲ್ಲಿ ಜಾರುತ್ತಿದೆ, ಟ್ರೇಯೊಳಗೆ ಹತ್ತಿಯುಂಡೆಗಳು, ಹತ್ತು, ಹನ್ನೊಂದು — ಎಣಿಸುವುದು ಕೈಗಂಟಿದ ಅಭ್ಯಾಸ, ಮೂವತ್ತೆರಡು ವರ್ಷ ಆಪರೇಷನ್ ಥಿಯೇಟರಿನಲ್ಲಿ ಹೊಟ್ಟೆ ಹೊಲಿಯುವ ಮುನ್ನ ಹತ್ತಿ ಎಣಿಸಿದವಳು ನಾನು, ಸಿಸ್ಟರ್, ಲೆಕ್ಕ ಸರಿಯಾ, ಸರಿ ಡಾಕ್ಟರ್, ಒಂದು ದಿನವೂ ತಪ್ಪಿದ್ದಿಲ್ಲ. ಇಂದೂ ಲೆಕ್ಕ ಸರಿಯಾಗಿಯೇ ಇದೆ, ಗಿಡ ಒರೆಸಿದ್ದೇ ತಪ್ಪು. ಗಡಿಯಾರದಲ್ಲಿ ಮೂರೂವರೆ, ನಾಲ್ಕಕ್ಕೆ ಬರ್ತೀನಿ ದೊಡ್ಡಮ್ಮ, ಎಂದಳು ಈಗಷ್ಟೇ ಫೋನಿನಲ್ಲಿ, ತಂಗಿಯ ಮಗಳು, ಜೀರುಂಡೆ ಮರಿಗಳು ಬಂದಿವೆಯಾ ನೋಡಿದ್ರಾ, ಬೆಳ್ಳಗೆ ಉಣ್ಣೆ ಹೊದ್ಕೊಂಡ ಹಾಗಿರ್ತವೆ, ಥೇಟ್ ಗಿಡದ ರಸ ಹೀರೋ ಹಿಟ್ಟು ತಿಗಣೆನೇ, ಆದ್ರೆ ತಿಗಣೆ ಕೂತಲ್ಲೇ ಕೂತಿರತ್ತೆ, ಇವು ಓಡಾಡ್ತವೆ, ಅಷ್ಟೇ ಗುರುತು. ಏನೂ ತೊಳೆದಿಲ್ಲ ತಾನೆ, ಎಂದು ನಕ್ಕಳು — ಎಷ್ಟು ವರ್ಷಗಳ ಮೇಲೆ ಆ ನಗು — ಇಲ್ಲಮ್ಮ, ಎಂದುಬಿಟ್ಟೆ.

ತಂಗಿ ತೀರಿಕೊಂಡ ಮೇಲೆ ಈ ಮನೆಗೆ ಬಂದದ್ದು ಎರಡೇ, ಅವಳ ಕ್ರೋಟನ್ ಗಿಡ, ಅವಳ ಹನ್ನೆರಡು ವರ್ಷದ ಹುಡುಗಿ, ಉಳಿದದ್ದು ಗಿಡ. ಹುಡುಗಿ ಅಮ್ಮನ ದಿಂಬಿನ ಗೌಸನ್ನು ಶಾಲೆಯ ಚೀಲದಲ್ಲಿ ಮಡಚಿಟ್ಟುಕೊಂಡಿದ್ದಳು, ಎಣ್ಣೆಯ ಕಲೆ, ಬೆವರಿನ ಹಳದಿ, ನಾನದನ್ನು ಕುದಿಯುವ ನೀರಿನಲ್ಲಿ ಒಗೆದು ಹಗ್ಗಕ್ಕೆ ಹರವಿದೆ, ಹಾಲಿನಂತೆ ಬೆಳ್ಳಗಾಯಿತೆಂದು ಹೆಮ್ಮೆ ಬೇರೆ; ಶಾಲೆಯಿಂದ ಬಂದವಳು ಒದ್ದೆ ಬಟ್ಟೆಯಲ್ಲಿ ಮುಖ ಹುದುಗಿಸಿ ನಿಂತಳು, ಒಮ್ಮೆ ಉಸಿರೆಳೆದಳು, ಇನ್ನೊಮ್ಮೆ ಎಳೆದಳು, ಅದನ್ನು ಹಗ್ಗದ ಮೇಲೆಯೇ ಬಿಟ್ಟು ಒಳಗೆ ಹೋದಳು, ಮರುತಿಂಗಳು ಹಾಸ್ಟೆಲಿಗೆ ಹೋಗುತ್ತೇನೆಂದಳು, ಹೋದಳು, ಅನಂತರ ಈ ಮನೆಯಲ್ಲಿ ಎಲ್ಲವೂ ಇಟ್ಟಲ್ಲಿಯೇ ಇದೆ, ಒಂದು ಲೋಟವೂ ಜಾಗ ಬದಲಿಸುವುದಿಲ್ಲ. ಹದಿನೈದು ದಿನಗಳ ಹಿಂದೆ ತಾನಾಗಿಯೇ ಬಾಗಿಲಲ್ಲಿ ನಿಂತಿದ್ದಳು, ಈಗ ಹುಳು ಸಾಕುವ ಕೇಂದ್ರದಲ್ಲಿ ಕೆಲಸವಂತೆ, ಕೈಯಲ್ಲೊಂದು ಡಬ್ಬಿ, ಅದರೊಳಗೆ ಗುಲಗಂಜಿಗಿಂತ ಚಿಕ್ಕ ಕಪ್ಪು ಜೀರುಂಡೆಗಳು. ಅಮ್ಮನ ಗಿಡ ಸಾಯ್ತಾ ಇದೆ, ತಿಗಣೆನೆಲ್ಲ ಇವು ತಿಂದು ಹಾಕ್ತವೆ, ನೀವು ಕೈ ಕಟ್ಕೊಂಡು ಕೂತಿರಬೇಕು ಅಷ್ಟೇ, ನಿಮ್ಮಿಂದ ಆಗತ್ತಾ ದೊಡ್ಡಮ್ಮ. ಮರಿಗಳ ವಿಷಯ ಹೇಳಲು ಆಗಲೇ ಬಾಯಿ ತೆರೆದಿದ್ದಳೇನೋ, ಡಬ್ಬಿಯನ್ನು ಊಟದ ಮೇಜಿನ ಮೇಲಿಡಬೇಡ ಎಂದುಬಿಟ್ಟೆನಲ್ಲ, ಬಾಯಿ ಮುಚ್ಚಿಕೊಂಡಳು.

ಕೂತಿದ್ದೆ, ನಿಜವಾಗಿಯೂ ಕೂತಿದ್ದೆ, ಬೆಳಗಿನ ಪ್ರಾರ್ಥನೆ ಮುಗಿಸಿ ಗಿಡದೆದುರು ಕುರ್ಚಿ ಹಾಕಿಕೊಂಡು, ನಿದ್ದೆ ಬಂತೇನ್ರಪ್ಪ ಎಂದು ಜೀರುಂಡೆಗಳನ್ನು ವಿಚಾರಿಸುತ್ತ, ಈ ಮನೆಯಲ್ಲಿ ಇನ್ನೊಂದು ಜೀವದ ಸಂಚಾರವಿದೆಯೆಂಬ ಅಲ್ಪಸುಖ. ನಾಲ್ಕಾರು ಕಿಟಕಿಯ ಬುಡದಲ್ಲಿ ಸತ್ತುಬಿದ್ದವು, ಉಳಿದವು ಕಾಣೆಯಾದವು. ಇಂದು ಕಾಂಡದ ಮೇಲೆ ಹಿಂದೆಂದೂ ಕಾಣದಷ್ಟು ದಪ್ಪನೆಯ ಬಿಳುಪು, ತಿಗಣೆ ಗೆದ್ದಿತೆಂದುಕೊಂಡೆ, ಹದಿನೈದು ದಿನ ಬಿಟ್ಟು ಬರುತ್ತೇನೆಂದಿದ್ದ ಅವಳು ಬರುವಷ್ಟರಲ್ಲಿ ಗಿಡ ಚೊಕ್ಕಟವಾಗಿರಲಿ ಎಂದು ಕೈ ತಾನಾಗಿಯೇ ಬಾಟಲಿಗೆ ಹೋಯಿತು — ಕಾಯಲು ಬಂದವರು ಕೊಲ್ಲುವವರ ವೇಷದಲ್ಲಿಯೇ ಬಂದರೆ ಗುರುತಿಸುವ ಕಣ್ಣನ್ನು, ಭಗವಂತ, ನಾನೊಂದು ದಿನವೂ ನಿನ್ನಲ್ಲಿ ಬೇಡಲಿಲ್ಲ — ನಡೆದಿದ್ದವು, ಹೌದು, ಹತ್ತಿ ತಾಗುವ ಮುನ್ನ ಒಂದೆರಡು ನಡೆದಿದ್ದವು, ನೋಡಿದೆ, ಆದರೂ ಒರೆಸಿದೆ.

ಕಸದ ಬುಟ್ಟಿಗೆ ಸುರಿದುಬಿಟ್ಟರೆ, ಜೀರುಂಡೆಗಳು ಮರಿ ಹಾಕಲೇ ಇಲ್ಲವೆಂದರೆ, ನಂಬುತ್ತಾಳೆ, ಇನ್ನೊಂದು ಡಬ್ಬಿ ತರುತ್ತಾಳೆ, ಮತ್ತೆ ನಗುತ್ತಾಳೆ. ಟ್ರೇ ಎತ್ತಿಕೊಂಡೆ — ಹನ್ನೊಂದನೆಯ ಉಂಡೆ, ಬಾಟಲಿ ಮುಗಿದಿತ್ತು, ಇದಕ್ಕೆ ಬರೀ ಒಂದು ಹನಿ ತಾಗಿತ್ತು, ಹತ್ತಿಯ ಎಳೆಯೊಂದು ಅಲುಗುತ್ತಿದೆಯೆ, ಗಾಳಿಯೆ, ಗಾಳಿಯಿಲ್ಲ, ಮರಿ, ಎಲೆಗೆ ತಾಗಿಸಿ ಹಿಡಿದೆ, ಇಳಿ, ಇಳಿಯಪ್ಪ, ಇಳಿಯದು. ಮುಚ್ಚಿಡಬೇಕು, ಮುಚ್ಚಿದರೆ ಇದಕ್ಕೆ ಉಸಿರು, ಒದ್ದೆ ಬಟ್ಟೆಯಲ್ಲಿ ಆ ಮುಖ, ಒಂದು ಉಸಿರು, ಇನ್ನೊಂದು — ಗಂಟೆ, ಬಾಗಿಲ ಗಂಟೆ, ಇನ್ನೂ ನಾಲ್ಕಾಗಿಲ್ಲ, ಬೇಗ ಬಂದಿದ್ದಾಳೆ, ದೊಡ್ಡಮ್ಮ ಎಂಬ ಕೂಗು, ಬಂದೆ ಎಂದೆ, ಎಡಗೈ ಚಿಲಕದ ಮೇಲೆ, ಬಲಗೈಯಲ್ಲಿ ಟ್ರೇ, ಹತ್ತಿಯ ಮೇಲೆ ಬಿಳಿಯದು, ನಡೆಯುತ್ತಿದೆ, ಅಂಚಿಗೆ ಬಂದು ನಿಂತಿತು, ಮತ್ತೆ ನಡೆಯುತ್ತಿದೆ